ಲ್ಯಾಬ್‌ವ್ಯೂ ಮತ್ತು ಡ್ಯಾಕ್ ಕಾರ್ಡಿನಿಂದ ಮೋಟರ್ ಓಡಿಸುವುದು: ತಂತಿ ಜೋಡಣೆಯಿಂದ ವೇಗ ಹಿಡಿದಿಡುವ ತನಕ

ಪುಣೆಯ ಭೋಸರಿ, ಚಾಕಣ್ ಕಡೆ ಟೆಸ್ಟ್ ಬೆಂಚ್ ಕಟ್ಟುವ ಕಂಪನಿಗಳಲ್ಲಿ ನಮ್ಮ ಕಡೆಯವರು ಸಾಕಷ್ಟು ಜನ ಇದ್ದಾರೆ. ಬೆಳಗಾವಿ, ವಿಜಯಪುರ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾನೋ ಬಿಇನೋ ಮುಗಿಸಿ ಬಂದವರು. ಪಿಎಲ್‌ಸಿ ಗೊತ್ತಿರುತ್ತದೆ, ಆರ್ಡುಯಿನೊದಲ್ಲಿ ಕೈಯಾಡಿಸಿರುತ್ತಾರೆ. ಆದರೆ ಮೇಜಿನ ಮೇಲೆ ಒಂದು ಡ್ಯಾಕ್ ಕಾರ್ಡ್ (ಕಂಪ್ಯೂಟರಿಗಾಗಿ ಹೊರಗಿನ ಸಿಗ್ನಲ್ ಓದುವ, ಹೊರಗೆ ಸಿಗ್ನಲ್ ಕೊಡುವ ಕಾರ್ಡ್) ಇಟ್ಟು "ಲ್ಯಾಬ್‌ವ್ಯೂನಲ್ಲಿ ಈ ಮೋಟರ್ ಓಡಿಸು, ಕರೆಂಟ್ ಎಷ್ಟು ಎಳೀತಿದೆ ನೋಡು, ಬಿಸಿ ಎಷ್ಟು ಆಗ್ತಿದೆ ಬರ್ಕೋ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಿಕೊಡುವವರು ಸಿಗುವುದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲ್ಯಾಬ್‌ವ್ಯೂ ಅಂದರೆ ಪರದೆಯ ಮೇಲೆ ಬ್ಲಾಕುಗಳನ್ನು ತಂತಿಯಿಂದ ಜೋಡಿಸಿ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್.

ನಾವು ಮಾಡೋದು ಇಷ್ಟು. 12 ವೋಲ್ಟಿನ ಒಂದು ಸಣ್ಣ ಡಿಸಿ ಗಿಯರ್ ಮೋಟರ್. ಅದರ ವೇಗವನ್ನು ಎನ್‌ಕೋಡರಿನಿಂದ (ಶಾಫ್ಟ್ ತಿರುಗಿದಂತೆ ಪಲ್ಸ್ ಕೊಡುವ ಸೆನ್ಸರ್) ಅಳೆಯುತ್ತೇವೆ, ಕರೆಂಟನ್ನೂ ಬಿಸಿಯನ್ನೂ ಸೆನ್ಸರುಗಳಿಂದ ಓದುತ್ತೇವೆ, ಕೊನೆಗೆ ನಾವು ಹೇಳಿದ ವೇಗದಲ್ಲೇ ಮೋಟರ್ ಓಡುತ್ತಿರುವ ಹಾಗೆ ಕಂಟ್ರೋಲ್ ಹಾಕುತ್ತೇವೆ. ಉದ್ದಕ್ಕೂ ಒಂದು ಮಾತು ನೆನಪಿರಲಿ: ಸಮಯ ಲೆಕ್ಕ ಹಾಕುವ ಕೆಲಸ ಕಾರ್ಡಿಗೆ ಬಿಡಿ, ವಿಂಡೋಸ್‌ಗೆ ಕೊಡಬೇಡಿ. ಹೊಸಬರು ಕಟ್ಟಿದ ಬೆಂಚುಗಳಲ್ಲಿ ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ವಿಷಯಕ್ಕೇ ಬಂದು ನಿಲ್ಲುತ್ತವೆ.

ಏನೇನು ಬೇಕು

ಕಾರ್ಡಿಗೆ ನಾನು ಯುಎಸ್‌ಬಿ-6211 ಹಿಡಿದು ಹೇಳುತ್ತೇನೆ. 16 ಅನಲಾಗ್ ಇನ್‌ಪುಟ್, 16 ಬಿಟ್, ಸೆಕೆಂಡಿಗೆ ಒಟ್ಟು 2,50,000 ಸ್ಯಾಂಪಲ್, ಎರಡು ಅನಲಾಗ್ ಔಟ್‌ಪುಟ್, ಮತ್ತು ನಮಗೆ ಮುಖ್ಯವಾದ ಎರಡು ಕೌಂಟರ್. ಒಂದು ಕೌಂಟರ್ ಪಿಡಬ್ಲ್ಯುಎಂ (ವೇಗ ಏರಿಳಿಸಲು ಪವರನ್ನು ಬೇಗಬೇಗ ಆನ್-ಆಫ್ ಮಾಡುವ ಪಲ್ಸ್) ಕೊಡುತ್ತದೆ, ಇನ್ನೊಂದು ಎನ್‌ಕೋಡರ್ ಎಣಿಸುತ್ತದೆ. ಲೆಕ್ಕ ಸರಿಹೋಯಿತು.

ಕಾಲೇಜುಗಳಲ್ಲಿ ಜಾಸ್ತಿ ಕಾಣುವುದು ಯುಎಸ್‌ಬಿ-6008 ಮತ್ತು 6009. ಸೆನ್ಸರ್ ಓದೋದಕ್ಕೆ ಅವು ಒಳ್ಳೆಯವೇ. ಆದರೆ ಅವುಗಳಲ್ಲಿ ಇರುವುದು ಒಂದೇ ಕೌಂಟರ್, ಅದು ಬರೀ ಪಲ್ಸ್ ಎಣಿಸುತ್ತದೆ, ಪಲ್ಸ್ ಕೊಡುವುದಿಲ್ಲ. ಅನಲಾಗ್ ಔಟ್‌ಪುಟ್ ಕೂಡ 0ಯಿಂದ 5 ವೋಲ್ಟ್, ಸೆಕೆಂಡಿಗೆ 150 ಸಲಕ್ಕಿಂತ ಜಾಸ್ತಿ ಬದಲಾಗುವುದಿಲ್ಲ, ಅದನ್ನೂ ಸಾಫ್ಟ್‌ವೇರೇ ಬದಲಾಯಿಸಬೇಕು. ಅದರಲ್ಲಿ ಲೂಪ್ ಹಾಕಿ ಡಿಜಿಟಲ್ ಲೈನನ್ನು ಆನ್-ಆಫ್ ಮಾಡಿ ಪಿಡಬ್ಲ್ಯುಎಂ ಮಾಡುತ್ತೇನೆ ಅಂತ ಹೊರಟರೆ ಮೋಟರ್ ತಡವರಿಸುತ್ತದೆ. ನಿಮ್ಮ ಹತ್ತಿರ 6009 ಮಾತ್ರ ಇದ್ದರೆ ಅನಲಾಗ್ ವೋಲ್ಟೇಜ್ ತೆಗೆದುಕೊಳ್ಳುವ ಮೋಟರ್ ಡ್ರೈವರ್ ಹಾಕಿಕೊಳ್ಳಿ, ಅದೇ ಸರಿಯಾದ ದಾರಿ.

ಉಳಿದ ಸಾಮಾನು ಬುಧವಾರ ಪೇಠದ ತಾಪ್ಕೀರ್ ಗಲ್ಲಿಯಲ್ಲಿ ಹುಡುಕಿ. "ದಾದಾ, ಬಾರಾ ವೋಲ್ಟಚೀ ಗಿಯರ್ ಮೋಟರ್ ಆಹೇ ಕಾ, ಎನ್‌ಕೋಡರ್‌ವಾಲೀ?" ಅಂತ ಮರಾಠಿಯಲ್ಲಿ ಕೇಳಿ (12 ವೋಲ್ಟಿನ, ಎನ್‌ಕೋಡರ್ ಇರುವ ಗಿಯರ್ ಮೋಟರ್ ಇದೆಯಾ ಅಂತ), ಮುಂಬೈಯವರಾದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಇದೇ ಪ್ರಶ್ನೆ ಕೇಳಿ. ಮೋಟರ್ ಕೊಳ್ಳುವಾಗ ಎರಡು ಸಂಖ್ಯೆ ಬರೆದುಕೊಂಡೇ ಬನ್ನಿ: ಮೋಟರಿನ ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗಿದರೆ ಎನ್‌ಕೋಡರ್ ಎಷ್ಟು ಪಲ್ಸ್ ಕೊಡುತ್ತದೆ, ಮತ್ತು ಗಿಯರ್ ಅನುಪಾತ ಎಷ್ಟು. ಇವೆರಡು ಗೊತ್ತಿಲ್ಲದಿದ್ದರೆ ಆರ್‌ಪಿಎಂ ಲೆಕ್ಕ ಆಗುವುದಿಲ್ಲ. ನಾನು ಇಲ್ಲಿ 11 ಪಲ್ಸ್, 1:30 ಗಿಯರ್, ಸುಮಾರು 200 ಆರ್‌ಪಿಎಂ ಇರುವ ಮೋಟರ್ ಇಟ್ಟುಕೊಂಡು ಹೇಳುತ್ತೇನೆ. 11 ಗುಣಿಸು 30, ಅಂದರೆ ಹೊರಗಿನ ಶಾಫ್ಟ್ ಒಂದು ಸುತ್ತಿಗೆ 330 ಪಲ್ಸ್.

ಇದರ ಜೊತೆ ಎಲ್298ಎನ್ ಡ್ರೈವರ್ ಮಾಡ್ಯೂಲ್ ಒಂದು, ಕರೆಂಟ್ ಓದಲು ಎಸಿಎಸ್712 ಐದು ಆಂಪಿನದು, ಬಿಸಿ ಓದಲು ಎಲ್‌ಎಂ35, 12 ವೋಲ್ಟ್ ಸಪ್ಲೈ, 2 ಆಂಪಿನ ಫ್ಯೂಸ್, 10 ಕಿಲೋಓಮಿನ ಒಂದು ರೆಸಿಸ್ಟರ್, ಮೋಟರ್ ಕಾಲುಗಳ ನಡುವೆ ಹಾಕಲು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಮತ್ತು ಒಂದು ಗಟ್ಟಿ ಸ್ವಿಚ್. ಈ ಸ್ವಿಚ್ ಮರೆಯಬೇಡಿ, ಕಾರಣ ಮುಂದೆ ಹೇಳುತ್ತೇನೆ. ಎಲ್298 ಹಳೆಯ ಚಿಪ್, ತನ್ನೊಳಗೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ. 12 ವೋಲ್ಟ್ ಕೊಟ್ಟರೆ ಮೋಟರಿಗೆ ಸಿಗೋದು 10ರ ಆಸುಪಾಸು. ಕಲಿಯೋದಕ್ಕೆ ಇದು ಸಾಕು, ಎಲ್ಲ ಕಡೆ ಸಿಗುತ್ತದೆ ಬೇರೆ.

ಸಾಫ್ಟ್‌ವೇರ್ ಮತ್ತು ಕಾರ್ಡ್ ಇಲ್ಲದವರಿಗೆ ದಾರಿ

ಲ್ಯಾಬ್‌ವ್ಯೂ ಮೊದಲು ಬಂದದ್ದು 1986ರಲ್ಲಿ, ಆಪಲ್ ಮ್ಯಾಕಿಂಟಾಶ್‌ಗಾಗಿ. ಮಾಡಿದ್ದು ಅಮೆರಿಕದ ಆಸ್ಟಿನ್ ಊರಿನ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್, ಆ ಕಂಪನಿ 2023ರಿಂದ ಎಮರ್ಸನ್ ಕೈಯಲ್ಲಿದೆ. 2020ರಿಂದ ಕಮ್ಯುನಿಟಿ ಎಡಿಷನ್ ಅಂತ ಒಂದು ಉಚಿತ ಆವೃತ್ತಿ ಇದೆ. ಮನೆಯಲ್ಲಿ ಸ್ವಂತಕ್ಕೆ ಕಲಿಯಲು ಅದನ್ನು ಹಾಕಿಕೊಳ್ಳಿ. ಕಂಪನಿ ಕೆಲಸಕ್ಕೋ ಕಾಲೇಜಿನ ಪಾಠಕ್ಕೋ ಅದನ್ನು ಬಳಸುವಂತಿಲ್ಲ, ಅಲ್ಲಿ ಲೈಸೆನ್ಸ್ ಬೇರೆ ಬೇಕು. ಲ್ಯಾಬ್‌ವ್ಯೂ ಮೊದಲು ಹಾಕಿ, ಆಮೇಲೆ ಎನ್‌ಐ-ಡ್ಯಾಕ್‌ಎಂಎಕ್ಸ್ ಡ್ರೈವರ್ ಹಾಕಿ. ಡ್ರೈವರಿನ ಆವೃತ್ತಿ ನಿಮ್ಮ ಲ್ಯಾಬ್‌ವ್ಯೂ ಆವೃತ್ತಿಗೆ ಹೊಂದಬೇಕು, ಇಲ್ಲದಿದ್ದರೆ ಡ್ಯಾಕ್‌ಎಂಎಕ್ಸ್ ಪ್ಯಾಲೆಟ್ಟೇ ಕಾಣುವುದಿಲ್ಲ.

ಕಾರ್ಡ್ ದುಬಾರಿ, ಎಲ್ಲರ ಹತ್ತಿರ ಇರೋದಿಲ್ಲ. ಅದಕ್ಕೂ ಉಪಾಯ ಇದೆ. ಎನ್‌ಐ ಮ್ಯಾಕ್ಸ್ (ಕಾರ್ಡುಗಳನ್ನು ನೋಡಿ ಪರೀಕ್ಷಿಸುವ ಪ್ರೋಗ್ರಾಂ) ತೆರೆಯಿರಿ, ಡಿವೈಸಸ್ ಆಂಡ್ ಇಂಟರ್‌ಫೇಸಸ್ ಮೇಲೆ ಬಲ ಕ್ಲಿಕ್ ಮಾಡಿ, ಕ್ರಿಯೇಟ್ ನ್ಯೂ ಒತ್ತಿ, ಸಿಮ್ಯುಲೇಟೆಡ್ ಡಿವೈಸ್ ಆರಿಸಿ, ಪಟ್ಟಿಯಲ್ಲಿ 6211 ಹುಡುಕಿ. ಕಾರ್ಡ್ ಇಲ್ಲದೆಯೇ ಪ್ರೋಗ್ರಾಂ ಓಡುತ್ತದೆ, ಅನಲಾಗ್ ಇನ್‌ಪುಟ್‌ನಲ್ಲಿ ಒಂದು ಸೈನ್ ಅಲೆ ಬರುತ್ತದೆ. ಮೋಟರ್ ತಿರುಗೋದಿಲ್ಲ ಅನ್ನೋದು ಬಿಟ್ಟರೆ ಪ್ರೋಗ್ರಾಮಿನ ಮುಕ್ಕಾಲು ಭಾಗ ಹೀಗೇ ಬರೆದು ಮುಗಿಸಬಹುದು.

ತಂತಿ ಜೋಡಣೆ

ಮೊದಲು ಮ್ಯಾಕ್ಸ್‌ನಲ್ಲಿ ಕಾರ್ಡಿನ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಪಿನ್‌ಔಟ್ಸ್ ತೆರೆದು, ಆ ಚಿತ್ರ ಪ್ರಿಂಟ್ ತೆಗೆದು ಬೆಂಚಿನ ಮುಂದೆ ಅಂಟಿಸಿ. ಪ್ರತಿ ತಂತಿ ಹಾಕುವಾಗಲೂ ಅದನ್ನೇ ನೋಡಿ, ನೆನಪಿನ ಮೇಲೆ ಹಾಕಬೇಡಿ. ಜೋಡಣೆ ಪೂರ್ತಿ ಮುಗಿಯುವ ತನಕ 12 ವೋಲ್ಟ್ ಸಪ್ಲೈ ಆಫ್ ಇರಲಿ, ಯುಎಸ್‌ಬಿಯನ್ನೂ ಕಳಚಿಡಿ.

12 ವೋಲ್ಟಿನ ಪ್ಲಸ್ ಮೊದಲು ಸ್ವಿಚ್ಚಿಗೆ, ಅಲ್ಲಿಂದ ಫ್ಯೂಸಿಗೆ, ಅಲ್ಲಿಂದ ಎಲ್298ಎನ್ ಮಾಡ್ಯೂಲಿಗೆ. ಮಾಡ್ಯೂಲಿನ ಇನೇಬಲ್ ಎ ಪಿನ್ನಿನ ಮೇಲೆ ಒಂದು ಜಂಪರ್ ಇರುತ್ತದೆ, ಅದನ್ನು ಕಿತ್ತುಬಿಡಿ, ಅದಿದ್ದರೆ ಪಿಡಬ್ಲ್ಯುಎಂ ಕೆಲಸ ಮಾಡುವುದಿಲ್ಲ. ಆ ಇನೇಬಲ್ ಪಿನ್ನಿಗೆ ಕಾರ್ಡಿನ ಪಿಎಫ್‌ಐ4 ಅನ್ನೋ ಪಿನ್, ಕೌಂಟರ್ 0ಯ ಔಟ್‌ಪುಟ್ ಅಲ್ಲಿಗೇ ಬರುತ್ತದೆ. ಮೋಟರಿನ ದಿಕ್ಕು ಹೇಳುವ ಇನ್1 ಮತ್ತು ಇನ್2 ಪಿನ್ನುಗಳಿಗೆ ಕಾರ್ಡಿನ ಡಿಜಿಟಲ್ ಪೋರ್ಟ್ 1ರ ಲೈನ್ 2 ಮತ್ತು 3. ಇನೇಬಲ್ ಪಿನ್ನಿನಿಂದ ಗ್ರೌಂಡಿಗೆ ಆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಯುಎಸ್‌ಬಿ ಕೇಬಲ್ ಯಾರಾದರೂ ಎಳೆದುಬಿಟ್ಟರೆ ಇನೇಬಲ್ ಪಿನ್ ಗಾಳಿಯಲ್ಲಿ ತೇಲಬಾರದು, ಗ್ರೌಂಡಿಗೆ ಇಳಿದು ಮೋಟರ್ ನಿಲ್ಲಬೇಕು. ಅದಕ್ಕೇ ಅದು.

ಮೋಟರಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಡ್ರೈವರಿನ ಔಟ್1ಕ್ಕೆ, ಇನ್ನೊಂದು ಎಸಿಎಸ್712 ಒಳಗೆ ಹಾದು ಔಟ್2ಕ್ಕೆ. ಕರೆಂಟ್ ಸೆನ್ಸರನ್ನು 12 ವೋಲ್ಟ್ ಸಪ್ಲೈ ತಂತಿಯಲ್ಲಿ ಹಾಕುವವರೂ ಇದ್ದಾರೆ, ಆದರೆ ಅಲ್ಲಿ ಕರೆಂಟ್ ತುಂಡು ತುಂಡಾಗಿ ಹರಿಯುತ್ತದೆ. ಮೋಟರ್ ತಂತಿಯಲ್ಲಾದರೆ ಸುರುಳಿಯ ಇಂಡಕ್ಟನ್ಸ್ ಅದನ್ನು ಸ್ವಲ್ಪ ನಯ ಮಾಡಿಕೊಡುತ್ತದೆ, ಎರಡೂ ದಿಕ್ಕಿನ ಕರೆಂಟೂ ಕಾಣುತ್ತದೆ.

ಎನ್‌ಕೋಡರಿನ ಎ ಮತ್ತು ಬಿ ತಂತಿಗಳು ಪಿಎಫ್‌ಐ0 ಮತ್ತು ಪಿಎಫ್‌ಐ1ಕ್ಕೆ. ಎನ್‌ಕೋಡರ್, ಎಸಿಎಸ್712, ಎಲ್‌ಎಂ35 ಮೂರಕ್ಕೂ ಕಾರ್ಡಿನ 5 ವೋಲ್ಟ್ ಕೊಡಬಹುದು, ಆದರೆ ಡಿಜಿಟಲ್ ಔಟ್‌ಪುಟ್‌ಗಳೂ ಸೇರಿ ಒಟ್ಟು 50 ಮಿಲಿಆಂಪ್ ದಾಟಬಾರದು. ಎಸಿಎಸ್712 ಒಂದೇ ಸುಮಾರು 10 ಮಿಲಿಆಂಪ್ ಎಳೆಯುತ್ತದೆ. ನಿಮ್ಮ ಎನ್‌ಕೋಡರ್ ಜಾಸ್ತಿ ಎಳೆಯುವ ಜಾತಿಯದಾದರೆ ಅದಕ್ಕೊಂದು ಬೇರೆ 5 ವೋಲ್ಟ್ ಅಡಾಪ್ಟರ್ ಕೊಡಿ. ಎಸಿಎಸ್712ರ ಔಟ್‌ಪುಟ್ ಅನಲಾಗ್ ಇನ್‌ಪುಟ್ 0, ಅಂದರೆ ಎಐ0ಕ್ಕೆ, ಎಲ್‌ಎಂ35ರ ಔಟ್‌ಪುಟ್ ಎಐ1ಕ್ಕೆ. ಎಲ್‌ಎಂ35ಅನ್ನು ಮೋಟರಿನ ಮೈಗೆ ಥರ್ಮಲ್ ಪೇಸ್ಟ್ ಸವರಿ ಒತ್ತಿ ಟೇಪ್ ಸುತ್ತಿ.

ಇನ್ನು ಗ್ರೌಂಡ್. ಮೋಟರ್ ಸಪ್ಲೈನ ಮೈನಸ್, ಡ್ರೈವರ್ ಗ್ರೌಂಡ್, ಕಾರ್ಡಿನ ಡಿಜಿಟಲ್ ಗ್ರೌಂಡ್ ಇವು ಡ್ರೈವರ್ ಮಾಡ್ಯೂಲಿನ ಸ್ಕ್ರೂ ಹತ್ತಿರ ಒಂದೇ ಕಡೆ ಸೇರಲಿ. ಸೆನ್ಸರುಗಳ ಗ್ರೌಂಡ್ ಮಾತ್ರ ನೇರವಾಗಿ ಕಾರ್ಡಿನ ಅನಲಾಗ್ ಗ್ರೌಂಡಿಗೆ ಹೋಗಲಿ. ಮೋಟರ್ ಕರೆಂಟ್ ಹರಿಯುವ ತಂತಿಯಲ್ಲೇ ಸೆನ್ಸರ್ ಗ್ರೌಂಡ್ ಹಂಚಿಕೊಂಡರೆ ಏನಾಗುತ್ತದೆ ನೋಡಿ: ಆ ತಂತಿಯ ರೋಧ ಬರೀ 0.05 ಓಮ್ ಇದ್ದರೂ 1 ಆಂಪ್ ಹರಿದಾಗ 50 ಮಿಲಿವೋಲ್ಟ್ ಬೀಳುತ್ತದೆ. ಎಲ್‌ಎಂ35 ಕೊಡೋದು ಡಿಗ್ರಿಗೆ 10 ಮಿಲಿವೋಲ್ಟ್. ಅಂದರೆ ಮೋಟರ್ ಶುರುವಾದ ಕ್ಷಣಕ್ಕೇ ಬಿಸಿ 5 ಡಿಗ್ರಿ ಹಾರಿದ ಹಾಗೆ ಕಾಣುತ್ತದೆ! ಲೋಹ ಅಷ್ಟು ಬೇಗ ಬಿಸಿಯಾಗೋದಿಲ್ಲ, ಅಲ್ವಾ. ಹಾಗೆ ಕಂಡರೆ ಸೆನ್ಸರ್ ಬದಲಾಯಿಸಲು ಹೋಗಬೇಡಿ, ಗ್ರೌಂಡ್ ತಂತಿ ನೋಡಿ.

ಪ್ರೋಗ್ರಾಂ ಬರೆಯುವ ಮೊದಲು ಮ್ಯಾಕ್ಸ್‌ನಲ್ಲೇ ಪರೀಕ್ಷೆ

ಯುಎಸ್‌ಬಿ ಹಾಕಿ. ಮ್ಯಾಕ್ಸ್‌ನಲ್ಲಿ ಸೆಲ್ಫ್-ಟೆಸ್ಟ್ ಒತ್ತಿ, ಆಮೇಲೆ ಟೆಸ್ಟ್ ಪ್ಯಾನಲ್ಸ್ ತೆರೆಯಿರಿ. ಎಐ1ರಲ್ಲಿ ಪುಣೆಯ ಮಾಮೂಲಿ ದಿನಕ್ಕೆ 0.28ರಿಂದ 0.32 ವೋಲ್ಟ್ ಕಾಣಬೇಕು, ಅಂದರೆ 28ರಿಂದ 32 ಡಿಗ್ರಿ. ಎಐ0ದಲ್ಲಿ 2.5ರ ಹತ್ತಿರ, ಎಸಿಎಸ್712 ಕರೆಂಟ್ ಇಲ್ಲದಾಗ ತನ್ನ ಸಪ್ಲೈನ ಅರ್ಧ ತೋರಿಸುತ್ತದೆ.

ಕೌಂಟರ್ ಟ್ಯಾಬಿನಲ್ಲಿ ಎನ್‌ಕೋಡರ್ ನೋಡಿ. ಮೋಟರಿನ ಹಿಂದೆ ಇರುವ ಸಣ್ಣ ಮ್ಯಾಗ್ನೆಟ್ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸಿ. ಒಂದು ದಿಕ್ಕಿಗೆ ತಿರುಗಿಸಿದರೆ ಎಣಿಕೆ ಏರಬೇಕು, ಹಿಂದಕ್ಕೆ ತಿರುಗಿಸಿದರೆ ಇಳಿಯಬೇಕು. ಎರಡೂ ದಿಕ್ಕಿನಲ್ಲಿ ಅಲ್ಲೇ ಹಿಂದೆ ಮುಂದೆ ಕುಣಿಯುತ್ತಿದ್ದರೆ ಎ, ಬಿಗಳಲ್ಲಿ ಒಂದು ತಂತಿ ಸರಿಯಾಗಿ ಕೂತಿಲ್ಲ, ಅಥವಾ ಎನ್‌ಕೋಡರ್ ಓಪನ್ ಕಲೆಕ್ಟರ್ (ಲೈನನ್ನು ಕೆಳಕ್ಕೆ ಮಾತ್ರ ಎಳೆಯುವ ಜಾತಿ) ಆಗಿದ್ದು ಪುಲ್-ಅಪ್ ರೆಸಿಸ್ಟರ್ ಬೇಕಾಗಿದೆ. ಇಲ್ಲಿ ಐದು ನಿಮಿಷ ಕಳೆದರೆ ಮುಂದೆ ಅರ್ಧ ದಿನ ಉಳಿಯುತ್ತದೆ. ಮ್ಯಾಕ್ಸ್‌ನಲ್ಲಿ ಬರದ ಸಿಗ್ನಲ್ ಲ್ಯಾಬ್‌ವ್ಯೂನಲ್ಲೂ ಬರುವುದಿಲ್ಲ.

ಲ್ಯಾಬ್‌ವ್ಯೂ ಒಳಗೆ

ಲ್ಯಾಬ್‌ವ್ಯೂ ಪ್ರೋಗ್ರಾಮಿಗೆ ವಿಐ ಅಂತಾರೆ. ಅದಕ್ಕೆ ಎರಡು ಕಿಟಕಿ: ಗುಂಡಿ, ಮೀಟರ್, ಗ್ರಾಫ್ ಇರುವ ಫ್ರಂಟ್ ಪ್ಯಾನಲ್, ಮತ್ತು ನಿಜವಾದ ಪ್ರೋಗ್ರಾಂ ಇರುವ ಬ್ಲಾಕ್ ಡಯಾಗ್ರಂ. ಕಂಟ್ರೋಲ್-ಇ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೀರಿ, ಕಂಟ್ರೋಲ್-ಎಚ್ ಒತ್ತಿದರೆ ಸಹಾಯದ ಕಿಟಕಿ ಬರುತ್ತದೆ. ಆ ಸಹಾಯದ ಕಿಟಕಿ ಯಾವಾಗಲೂ ತೆರೆದೇ ಇರಲಿ.

ಇಲ್ಲಿ ಸಾಲುಗಳು ಮೇಲಿನಿಂದ ಕೆಳಕ್ಕೆ ಓಡುವುದಿಲ್ಲ. ಹೊಲಕ್ಕೆ ಕಾಲುವೆ ನೀರು ಬಂದ ಮೇಲೇ ಆ ಪಾತಿ ತುಂಬೋದು ಹೇಗೋ, ಹಾಗೆ ಒಂದು ಬ್ಲಾಕಿಗೆ ಬೇಕಾದ ಎಲ್ಲ ತಂತಿಗಳಲ್ಲೂ ಡೇಟಾ ಬಂದ ಮೇಲೇ ಅದು ಕೆಲಸ ಶುರು ಮಾಡುತ್ತದೆ. ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನು ತಂತಿಯೇ ತೀರ್ಮಾನಿಸುತ್ತದೆ. ಅದಕ್ಕೇ ಎರರ್ ತಂತಿಯನ್ನು ಒಂದು ಬ್ಲಾಕಿನಿಂದ ಮುಂದಿನದಕ್ಕೆ ಸರಪಳಿ ಹಾಗೆ ಎಳೆಯಿರಿ. ತಪ್ಪು ಎಲ್ಲಿ ಆಯಿತು ಅಂತಲೂ ಗೊತ್ತಾಗುತ್ತದೆ, ಕೆಲಸದ ಸರದಿಯೂ ಗಟ್ಟಿಯಾಗುತ್ತದೆ.

ಡ್ಯಾಕ್ ಅಸಿಸ್ಟೆಂಟ್ ಅಂತ ಒಂದು ರೆಡಿ ಬ್ಲಾಕ್ ಇದೆ. ಸುಮ್ನೆ ಒಂದು ವೋಲ್ಟೇಜ್ ನೋಡಿ ಬಿಡಲು ಅದು ಚೆನ್ನಾಗಿದೆ. ಮೋಟರ್ ಕಂಟ್ರೋಲಿಗೆ ಅದನ್ನು ಬಳಸಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ, ಯಾವ ಟಾಸ್ಕ್ (ಕಾರ್ಡಿಗೆ ಕೊಡುವ ಒಂದೊಂದು ಓದುವ ಅಥವಾ ಬರೆಯುವ ಕೆಲಸ) ಯಾವಾಗ ಶುರುವಾಗಬೇಕು ಅಂತ ಹೇಳೋದೂ ಕಷ್ಟ. ಡ್ಯಾಕ್‌ಎಂಎಕ್ಸ್ ಬ್ಲಾಕುಗಳನ್ನೇ ಬಿಡಿಬಿಡಿಯಾಗಿ ಜೋಡಿಸಿ: ಕ್ರಿಯೇಟ್ ವರ್ಚುಯಲ್ ಚಾನೆಲ್, ಟೈಮಿಂಗ್, ಸ್ಟಾರ್ಟ್, ಲೂಪಿನ ಒಳಗೆ ರೀಡ್ ಅಥವಾ ರೈಟ್, ಹೊರಗೆ ಕ್ಲಿಯರ್ ಟಾಸ್ಕ್. ಎಲ್ಲ ಟಾಸ್ಕಿಗೂ ಇದೇ ಅಚ್ಚು.

ಮೊದಲ ಟಾಸ್ಕ್, ಸೆನ್ಸರುಗಳು. ಕ್ರಿಯೇಟ್ ವರ್ಚುಯಲ್ ಚಾನೆಲ್ ಎರಡು ಸಲ ಹಾಕಿ, ಮೊದಲನೆಯದರ ಟಾಸ್ಕ್ ತಂತಿಯನ್ನೇ ಎರಡನೆಯದಕ್ಕೆ ಕೊಡಿ. ಎಐ0ಕ್ಕೆ ಮಿತಿ ಮೈನಸ್ 5ರಿಂದ ಪ್ಲಸ್ 5, ಎಐ1ಕ್ಕೆ ಮೈನಸ್ 1ರಿಂದ ಪ್ಲಸ್ 1. ಎರಡನೆಯದನ್ನು ಸಣ್ಣದು ಇಡಲು ಕಾರಣ ಇದೆ. 10 ವೋಲ್ಟಿನ ಮಿತಿಯಲ್ಲಿ ಒಂದು ಮೆಟ್ಟಿಲು 0.3 ಮಿಲಿವೋಲ್ಟ್, 1 ವೋಲ್ಟಿನ ಮಿತಿಯಲ್ಲಿ 0.03. ಎಲ್‌ಎಂ35 100 ಡಿಗ್ರಿಗೆ ಕೊಡೋದೇ 1 ವೋಲ್ಟ್, ಹಾಗಿದ್ದ ಮೇಲೆ ದೊಡ್ಡ ಮಿತಿ ಯಾಕೆ? ಟರ್ಮಿನಲ್ ಕಾನ್ಫಿಗರೇಷನ್ ಎರಡಕ್ಕೂ ಆರ್‌ಎಸ್‌ಇ, ಅಂದರೆ ಕಾರ್ಡಿನ ಗ್ರೌಂಡಿಗೆ ಹೋಲಿಸಿ ಅಳೆಯೋದು.

ಟೈಮಿಂಗ್ ಬ್ಲಾಕಿನಲ್ಲಿ ಸ್ಯಾಂಪಲ್ ಕ್ಲಾಕ್, ಕಂಟಿನ್ಯುಯಸ್, ದರ 10000, ಬಫರ್ 20000. ಲೂಪಿನ ಒಳಗೆ ರೀಡ್ ಬ್ಲಾಕಿಗೆ ಒಂದು ಸಲಕ್ಕೆ 1000 ಸ್ಯಾಂಪಲ್ ಕೇಳಿ. 1000 ಸ್ಯಾಂಪಲ್ ಸೇರಲು ಸರಿಯಾಗಿ 100 ಮಿಲಿಸೆಕೆಂಡ್ ಬೇಕು, ಅಲ್ಲಿಯವರೆಗೆ ರೀಡ್ ಬ್ಲಾಕ್ ಕಾಯುತ್ತದೆ, ಅಂದರೆ ಲೂಪ್ ತಾನಾಗಿಯೇ ಸೆಕೆಂಡಿಗೆ 10 ಸಲ ಓಡುತ್ತದೆ. ವೇಟ್ ಬ್ಲಾಕ್ ಹಾಕಬೇಡಿ! ಸಮಯವನ್ನು ಕಾರ್ಡಿನ ಗಡಿಯಾರ ಹಿಡಿದಿದೆ, ಅದರ ಮೇಲೆ ವಿಂಡೋಸ್‌ನ ವೇಟ್ ಹೇರಿದರೆ ಎರಡಕ್ಕೂ ಜಗಳ ಹತ್ತಿ ಬಫರ್ ತುಂಬುತ್ತಾ ಹೋಗುತ್ತದೆ.

100 ಮಿಲಿಸೆಕೆಂಡನ್ನೇ ಆರಿಸಿದ್ದಕ್ಕೆ ಇನ್ನೊಂದು ಲಾಭ ಇದೆ. ನಮ್ಮ ಮೇನ್ಸ್ ಕರೆಂಟ್ 50 ಹರ್ಟ್ಸ್, 100 ಮಿಲಿಸೆಕೆಂಡಿನಲ್ಲಿ ಅದರ ಸರಿಯಾಗಿ 5 ಸುತ್ತು ಬರುತ್ತವೆ. 1000 ಸ್ಯಾಂಪಲ್‌ಗಳ ಸರಾಸರಿ ತೆಗೆದರೆ ಟ್ಯೂಬ್‌ಲೈಟು, ಸಪ್ಲೈಗಳಿಂದ ಬಂದ ಹಮ್ ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಆ ಸರಾಸರಿಯನ್ನು 0.01ರಿಂದ ಭಾಗಿಸಿದರೆ ಡಿಗ್ರಿ ಸೆಲ್ಸಿಯಸ್. ಕರೆಂಟಿಗೆ, ಸರಾಸರಿಯಿಂದ ಸೊನ್ನೆ ವೋಲ್ಟೇಜ್ ಕಳೆದು 0.185ರಿಂದ ಭಾಗಿಸಿ. ಆ ಸೊನ್ನೆಯನ್ನು 2.5 ಅಂತ ಬರೆದುಬಿಡಬೇಡಿ. ಯುಎಸ್‌ಬಿಯ 5 ವೋಲ್ಟ್ ಒಂದೊಂದು ಲ್ಯಾಪ್‌ಟಾಪಿನಲ್ಲಿ ಒಂದೊಂದು ಥರ ಇರುತ್ತದೆ. ಮೋಟರ್ ಆಫ್ ಇರುವಾಗ ಬಂದ ಮೊದಲ 1000 ಸ್ಯಾಂಪಲ್‌ಗಳ ಸರಾಸರಿಯನ್ನೇ ಸೊನ್ನೆ ಅಂತ ಇಟ್ಟುಕೊಳ್ಳಿ.

ಎರಡನೆಯ ಟಾಸ್ಕ್ ಎನ್‌ಕೋಡರ್. ಸಿಐ ಆಂಗ್ಯುಲರ್ ಎನ್‌ಕೋಡರ್ ಆರಿಸಿ, ಕೌಂಟರ್ 1 ಕೊಡಿ, ಡಿಕೋಡಿಂಗ್ ಎಕ್ಸ್4, ಪಲ್ಸ್ ಪರ್ ರೆವಲ್ಯೂಷನ್ 330, ಯೂನಿಟ್ ಡಿಗ್ರಿ, ಎ ಇನ್‌ಪುಟ್ ಪಿಎಫ್‌ಐ0, ಬಿ ಇನ್‌ಪುಟ್ ಪಿಎಫ್‌ಐ1. ಎಕ್ಸ್4 ಅಂದರೆ ಎ, ಬಿ ಎರಡೂ ಸೇರಿ ಒಂದು ಪಲ್ಸಿನ ನಾಲ್ಕೂ ಅಂಚು ಎಣಿಸುತ್ತದೆ, ಒಂದು ಸುತ್ತಿಗೆ 1320 ಎಣಿಕೆ.

ಹೆಚ್ಚಿನವರು ಇಲ್ಲಿ ಲೂಪಿನಲ್ಲಿ ಸುಮ್ಮನೆ ಕೌಂಟರ್ ಓದಿ, ಹಿಂದಿನ ಸಲದ್ದನ್ನು ಕಳೆದು, 100 ಮಿಲಿಸೆಕೆಂಡ್ ಆಗಿದೆ ಅಂತ ನಂಬಿಕೊಂಡು ವೇಗ ಲೆಕ್ಕ ಹಾಕುತ್ತಾರೆ. ವಿಂಡೋಸ್ ಆ ಹೊತ್ತಿಗೆ ಬೇರೇನೋ ಮಾಡುತ್ತಿದ್ದರೆ ಓದೋದು 5 ಮಿಲಿಸೆಕೆಂಡ್ ತಡವಾಗುತ್ತದೆ, ವೇಗದಲ್ಲಿ 5 ಶೇಕಡಾ ತಪ್ಪು ಬರುತ್ತದೆ. ಮೋಟರ್ ಒಂದೇ ಸಮ ತಿರುಗುತ್ತಿರುತ್ತದೆ, ಗ್ರಾಫ್ ಮಾತ್ರ ನಡುಗುತ್ತದೆ! ಮದ್ದು ಸುಲಭ. ಎನ್‌ಕೋಡರ್ ಟಾಸ್ಕಿಗೂ ಟೈಮಿಂಗ್ ಬ್ಲಾಕ್ ಹಾಕಿ, ಕ್ಲಾಕ್ ಸೋರ್ಸ್ ಜಾಗದಲ್ಲಿ ಅದೇ ಕಾರ್ಡಿನ ಎಐ ಸ್ಯಾಂಪಲ್ ಕ್ಲಾಕ್ ಆರಿಸಿ, ದರ 10000. ಪಟ್ಟಿಯಲ್ಲಿ ಅದು ಕಾಣದಿದ್ದರೆ ಬಲ ಕ್ಲಿಕ್ ಮಾಡಿ ಐ/ಓ ನೇಮ್ ಫಿಲ್ಟರಿಂಗ್‌ನಲ್ಲಿ ಅಡ್ವಾನ್ಸ್ಡ್ ಟರ್ಮಿನಲ್ಸ್ ಟಿಕ್ ಮಾಡಿ. ಈಗ ವೋಲ್ಟೇಜಿನ ಪ್ರತಿ ಸ್ಯಾಂಪಲಿನ ಜೊತೆಗೇ ಕೋನವೂ ದಾಖಲಾಗುತ್ತದೆ. ಲೂಪಿನಲ್ಲಿ 1000 ಕೋನ ಓದಿ, ಕೊನೆಯದನ್ನು ಶಿಫ್ಟ್ ರಿಜಿಸ್ಟರಿನಲ್ಲಿ (ಲೂಪಿನ ಒಂದು ಸುತ್ತಿನ ಬೆಲೆಯನ್ನು ಮುಂದಿನ ಸುತ್ತಿಗೆ ಒಯ್ಯುವ ಜಾಗ) ಇಡಿ, ಮುಂದಿನ ಸಲದ ಕೊನೆಯದರಿಂದ ಅದನ್ನು ಕಳೆಯಿರಿ. ನಡುವಿನ ಸಮಯ ಸರಿಯಾಗಿ 0.1 ಸೆಕೆಂಡ್, ವಿಂಡೋಸ್ ಏನೇ ಮಾಡಲಿ.

ಆರ್‌ಪಿಎಂ = ಡಿಗ್ರಿ ವ್ಯತ್ಯಾಸ ÷ 0.6

120 ಆರ್‌ಪಿಎಂ ಅಂದರೆ ಸೆಕೆಂಡಿಗೆ 2 ಸುತ್ತು, 0.1 ಸೆಕೆಂಡಿಗೆ 72 ಡಿಗ್ರಿ, 72 ಭಾಗ 0.6 ಅಂದರೆ 120. ಸರಿ ಇದೆ. ಒಂದು ಎಣಿಕೆಗೆ ವೇಗದಲ್ಲಿ ಸುಮಾರು 0.45 ಆರ್‌ಪಿಎಂ ಮೆಟ್ಟಿಲು ಬರುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಮೋಟರ್ ನಾಯ್ಸ್‌ನಿಂದ ಸುಳ್ಳು ಎಣಿಕೆ ಬರುತ್ತಿದ್ದರೆ ಕಾರ್ಡಿನೊಳಗೇ ಡಿಜಿಟಲ್ ಫಿಲ್ಟರ್ ಇದೆ: 125 ನ್ಯಾನೋಸೆಕೆಂಡ್, 6.425 ಮೈಕ್ರೋಸೆಕೆಂಡ್, 2.56 ಮಿಲಿಸೆಕೆಂಡ್, ಈ ಮೂರರಲ್ಲಿ ಒಂದು. ನಮ್ಮ ಮೋಟರ್ ಪೂರ್ತಿ ವೇಗದಲ್ಲಿ 1100 ಹರ್ಟ್ಸ್ ಪಲ್ಸ್ ಕೊಡುತ್ತದೆ, ಒಂದೊಂದು ಪಲ್ಸಿನ ಅಗಲ ಅರ್ಧ ಮಿಲಿಸೆಕೆಂಡಿಗೂ ಕಮ್ಮಿ. ಹಾಗಾಗಿ ನಡುವಿನದನ್ನು ಹಾಕಿ. 2.56 ಹಾಕಿದರೆ ನಿಜವಾದ ಪಲ್ಸೂ ನುಂಗಿಹೋಗುತ್ತದೆ.

ಮೂರನೆಯದು ಪಿಡಬ್ಲ್ಯುಎಂ. ಸಿಓ ಪಲ್ಸ್ ಜನರೇಷನ್ ಫ್ರೀಕ್ವೆನ್ಸಿ, ಕೌಂಟರ್ 0, ಟೈಮಿಂಗ್ ಇಂಪ್ಲಿಸಿಟ್, ಕಂಟಿನ್ಯುಯಸ್. ಫ್ರೀಕ್ವೆನ್ಸಿ ಎಷ್ಟು? ಎಲ್ಲರೂ 1000 ಹಾಕುತ್ತಾರೆ. ನಾನು 970 ಹಾಕಲು ಹೇಳುತ್ತೇನೆ. 1000 ಹರ್ಟ್ಸ್ ಪಿಡಬ್ಲ್ಯುಎಂ, 10000 ಸ್ಯಾಂಪಲ್ ದರ ಅಂದರೆ ಒಂದು ಸುತ್ತಿಗೆ ಕರಾರುವಾಕ್ಕಾಗಿ 10 ಸ್ಯಾಂಪಲ್. ಎರಡೂ ಒಂದೇ ಕಾರ್ಡಿನ ಗಡಿಯಾರದಿಂದ ಬರುವುದರಿಂದ ಪ್ರತಿ ಸಲವೂ ಅಲೆಯ ಅದೇ ಹತ್ತು ಜಾಗಗಳಲ್ಲೇ ಸ್ಯಾಂಪಲ್ ಬೀಳುತ್ತದೆ, ನಡುವೆ ಏನಾಯಿತು ಅಂತ ನಿಮಗೆ ಎಂದೂ ಕಾಣುವುದಿಲ್ಲ, ಸರಾಸರಿ ಕರೆಂಟ್ ಒಂದು ಕಡೆಗೆ ವಾಲಿಬಿಡುತ್ತದೆ. 970 ಇಟ್ಟರೆ 100 ಮಿಲಿಸೆಕೆಂಡಿಗೆ 97 ಪೂರ್ತಿ ಸುತ್ತು, ಸ್ಯಾಂಪಲ್ ಪ್ರತಿ ಸಲ ಸ್ವಲ್ಪ ಸರಿದು ಅಲೆಯನ್ನೆಲ್ಲ ಮುಟ್ಟಿ ಬರುತ್ತದೆ. ಕಾಸು ಖರ್ಚಿಲ್ಲದೆ ಅಳತೆ ಸುಧಾರಿಸುತ್ತದೆ.

ಡ್ಯೂಟಿಯನ್ನು (ಪಲ್ಸ್ ಎಷ್ಟು ಪಾಲು ಹೊತ್ತು ಆನ್ ಇರುತ್ತದೆ ಅನ್ನೋದು) ಓಡುತ್ತಿರುವಾಗಲೇ ರೈಟ್ ಬ್ಲಾಕಿನಿಂದ ಬದಲಾಯಿಸಬಹುದು. ಆದರೆ 0 ಅಥವಾ 1 ಅಂತ ಕೊಟ್ಟರೆ ಎರರ್ ಬರುತ್ತದೆ, ಪಲ್ಸಿಗೆ ಏರೂ ಇಳಿವೂ ಇರಲೇಬೇಕು. 0.01ರಿಂದ 0.99ರ ಒಳಗೆ ಕಟ್ಟಿಹಾಕಿ. ಪೂರ್ತಿ ನಿಲ್ಲಿಸಬೇಕಾದರೆ ಇನ್1, ಇನ್2 ಎರಡನ್ನೂ ಕೆಳಗಿಳಿಸಿ, ಅಂದರೆ 0 ವೋಲ್ಟಿಗೆ ತನ್ನಿ.

ದಿಕ್ಕಿನ ಎರಡು ಡಿಜಿಟಲ್ ಲೈನುಗಳು ನಾಲ್ಕನೆಯ ಟಾಸ್ಕ್, ಅದಕ್ಕೆ ಟೈಮಿಂಗ್ ಬೇಕಿಲ್ಲ.

ಶುರು ಮಾಡುವ ಸರದಿ ಮುಖ್ಯ. ದಿಕ್ಕಿನ ಲೈನುಗಳನ್ನು ಕೆಳಗಿಳಿಸಿ, ಪಿಡಬ್ಲ್ಯುಎಂ 0.01ರಲ್ಲಿ ಶುರು ಮಾಡಿ, ಎನ್‌ಕೋಡರ್ ಟಾಸ್ಕ್ ಶುರು ಮಾಡಿ, ಕೊನೆಗೆ ಅನಲಾಗ್ ಟಾಸ್ಕ್. ಎನ್‌ಕೋಡರ್ ಕಾಯುತ್ತಿರುವುದು ಅನಲಾಗಿನ ಕ್ಲಾಕಿಗೆ, ಅನಲಾಗ್ ಮೊದಲೇ ಓಡಿಬಿಟ್ಟರೆ ಕೆಲವು ಸ್ಯಾಂಪಲ್ ತಪ್ಪಿಹೋಗಿ ಎರಡರ ಸಾಲು ಕೂಡುವುದಿಲ್ಲ.

ನಿಲ್ಲಿಸೋದು ಹೇಗೆ

ಓಡಿಸೋದಕ್ಕಿಂತ ಮೊದಲು ಇದನ್ನು ಕಟ್ಟಿ. ಟೂಲ್‌ಬಾರಿನ ಕೆಂಪು ಅಬಾರ್ಟ್ ಗುಂಡಿ ಒತ್ತಿದರೆ ಪ್ರೋಗ್ರಾಂ ನಿಂತಲ್ಲೇ ಸಾಯುತ್ತದೆ, ನಿಮ್ಮ ಮುಚ್ಚುವ ಕೋಡ್ ಓಡುವುದೇ ಇಲ್ಲ, ಡಿಜಿಟಲ್ ಮತ್ತು ಅನಲಾಗ್ ಔಟ್‌ಪುಟ್ ಕೊನೆಯ ಬೆಲೆಯಲ್ಲೇ ಉಳಿಯುತ್ತವೆ. ಫ್ರಂಟ್ ಪ್ಯಾನಲಿನಲ್ಲಿ ಒಂದು ದೊಡ್ಡ ಸ್ಟಾಪ್ ಗುಂಡಿ ಇಡಿ. ಲೂಪ್ ನಿಲ್ಲುವ ಷರತ್ತು ಮೂರು: ಸ್ಟಾಪ್ ಗುಂಡಿ, ಅಥವಾ ಎರರ್, ಅಥವಾ ಬಿಸಿ 70 ಡಿಗ್ರಿ ದಾಟಿದ್ದು. ಮೂರನ್ನೂ ಆರ್ (OR) ಗೇಟಿಗೆ ಸೇರಿಸಿ.

ಲೂಪಿನ ಹೊರಗೆ ಮೊದಲು ಇನ್1, ಇನ್2 ಕೆಳಗಿಳಿಸಬೇಕು, ಆಮೇಲೆ ನಾಲ್ಕೂ ಟಾಸ್ಕ್ ಕ್ಲಿಯರ್. ಇಲ್ಲೊಂದು ಸೂಕ್ಷ್ಮ ಇದೆ. ರೈಟ್ ಬ್ಲಾಕಿನ ಎರರ್ ಇನ್‌ಗೆ ಎರರ್ ಬಂದರೆ ಅದು ಏನೂ ಮಾಡದೆ ಸುಮ್ಮನೆ ಮುಂದೆ ದಾಟಿಸುತ್ತದೆ. ಲೂಪಿನಲ್ಲಿ ತಪ್ಪಾಗಿ ಹೊರಬಂದಾಗಲೇ ಮೋಟರ್ ನಿಲ್ಲಬೇಕಾದದ್ದು, ಆಗಲೇ ನಿಲ್ಲಿಸುವ ಬ್ಲಾಕ್ ಕೆಲಸ ಮಾಡದಿದ್ದರೆ? ಹಾಗಾಗಿ ನಿಲ್ಲಿಸುವ ರೈಟ್ ಬ್ಲಾಕಿಗೆ ಲೂಪಿನ ಎರರ್ ತಂತಿ ಕೊಡಬೇಡಿ. ಟಾಸ್ಕ್ ತಂತಿ ಲೂಪಿನಿಂದ ಬರುವುದರಿಂದ ಸರದಿ ತಾನೇ ಸರಿಯಾಗಿರುತ್ತದೆ. ಎರರ್‌ಗಳನ್ನು ಕೊನೆಯಲ್ಲಿ ಮರ್ಜ್ ಎರರ್ಸ್‌ನಿಂದ ಒಂದು ಮಾಡಿ ತೋರಿಸಿ. ಕ್ಲಿಯರ್ ಟಾಸ್ಕ್ ಎರರ್ ಇದ್ದರೂ ಕೆಲಸ ಮಾಡುತ್ತದೆ, ಅದರ ಚಿಂತೆ ಬೇಡ.

ಇಷ್ಟೆಲ್ಲ ಆದರೂ ಆ ಗಟ್ಟಿ ಸ್ವಿಚ್ ಬೇಕೇ ಬೇಕು. ವಿಂಡೋಸ್ ಹ್ಯಾಂಗ್ ಆದರೂ ಕೌಂಟರ್ ತನ್ನ ಪಾಡಿಗೆ ಪಲ್ಸ್ ಕೊಡುತ್ತಲೇ ಇರುತ್ತದೆ, ಕಾರ್ಡಿನ ಗಡಿಯಾರ ನಂಬಿದ್ದಕ್ಕೆ ಇದು ಇನ್ನೊಂದು ಮುಖ. ಕೈಗೆ ಸಿಗುವ ಜಾಗದಲ್ಲಿ 12 ವೋಲ್ಟ್ ಕತ್ತರಿಸುವ ಸ್ವಿಚ್ ಇರಲಿ.

ಲೂಪ್ ಮುಚ್ಚುವುದು: ವೇಗ ನೋಡಿ ಡ್ಯೂಟಿ ತಿದ್ದುವುದು

ಮೊದಲು ಕಂಟ್ರೋಲ್ ಇಲ್ಲದೆ ಓಡಿಸಿ. ಶಾಫ್ಟಿಗೆ ಏನೂ ಕಟ್ಟಬೇಡಿ. ದಿಕ್ಕಿನ ಎರಡು ಲೈನುಗಳಲ್ಲಿ ಒಂದನ್ನು ಮಾತ್ರ ಮೇಲೇರಿಸಿ. ಡ್ಯೂಟಿ 0.3 ಕೊಡಿ, 0.5, 0.7 ಕೊಡಿ, ಪ್ರತಿ ಸಲ ಆರ್‌ಪಿಎಂ ಬರೆದುಕೊಳ್ಳಿ. ಕೆಳಗಿನ ಡ್ಯೂಟಿಯಲ್ಲಿ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ಅದು ಸಹಜ. ಇಲ್ಲಿ ಒಂದನ್ನು ಖಂಡಿತ ನೋಡಿ: ಮುಂದಕ್ಕೆ ಓಡಿಸಿದಾಗ ಆರ್‌ಪಿಎಂ ಪ್ಲಸ್ ಬರಬೇಕು. ಮೈನಸ್ ಬಂದರೆ ಎನ್‌ಕೋಡರಿನ ಎ, ಬಿ ಅದಲುಬದಲು ಮಾಡಿ. ಇದನ್ನು ಬಿಟ್ಟು ಕಂಟ್ರೋಲ್ ಹಾಕಿದರೆ, ವೇಗ ಕಮ್ಮಿ ಇದೆ ಅಂತ ಪ್ರೋಗ್ರಾಂ ಇನ್ನೂ ಕೊಡುತ್ತಾ ಹೋಗಿ ಮೋಟರ್ ಪೂರ್ತಿ ವೇಗಕ್ಕೆ ಓಡಿಬಿಡುತ್ತದೆ.

ಪಿಐ ಕಂಟ್ರೋಲನ್ನು (ಈಗಿನ ತಪ್ಪನ್ನೂ ಕೂಡುತ್ತಾ ಬಂದ ತಪ್ಪನ್ನೂ ನೋಡಿ ಡ್ಯೂಟಿ ತಿದ್ದುವ ಲೆಕ್ಕ) ನೀವೇ ಬರೆಯಿರಿ, ರೆಡಿ ಬ್ಲಾಕ್ ಬೇಡ. ಒಂದು ಶಿಫ್ಟ್ ರಿಜಿಸ್ಟರ್ ಸಾಕು.

ತಪ್ಪು = ಬೇಕಾದ ಆರ್‌ಪಿಎಂ − ಇರುವ ಆರ್‌ಪಿಎಂ
ಸಂಚಯ = ಹಿಂದಿನ ಸಂಚಯ + ಕೆಐ × ತಪ್ಪು × 0.1
ಡ್ಯೂಟಿ = ಕೆಪಿ × ತಪ್ಪು + ಸಂಚಯ

ಕೆಪಿ, ಕೆಐ ಅನ್ನೋವು ತಪ್ಪಿಗೆ ಎಷ್ಟು ಜೋರಾಗಿ ಸ್ಪಂದಿಸಬೇಕು ಅಂತ ನಾವು ಇಡುವ ಎರಡು ಸಂಖ್ಯೆ. ಕೆಪಿ 0.002, ಕೆಐ 0.01 ಇಟ್ಟು ಶುರು ಮಾಡಿ. ನಿಂತ ಮೋಟರಿಗೆ 120 ಆರ್‌ಪಿಎಂ ಕೇಳಿದರೆ ಮೊದಲ ಸುತ್ತಿನಲ್ಲಿ ತಪ್ಪು 120. ಕೆಪಿಯಿಂದ 0.24, ಸಂಚಯದಿಂದ 0.12, ಡ್ಯೂಟಿ 0.36. ಮೋಟರ್ ಎದ್ದು ಓಡಲು ಶುರುವಾಗುತ್ತದೆ, ತಪ್ಪು ಕಮ್ಮಿಯಾಗುತ್ತದೆ, ಸಂಚಯ ನಿಧಾನಕ್ಕೆ ಏರಿ ಬೇಕಾದ ಕಡೆ ನಿಲ್ಲುತ್ತದೆ. ಸಂಚಯವನ್ನೂ 0ಯಿಂದ 0.99ರ ಒಳಗೆ ಕಟ್ಟಿಹಾಕಲೇಬೇಕು. ಇಲ್ಲದಿದ್ದರೆ ಯಾರೋ ಶಾಫ್ಟ್ ಹಿಡಿದುಕೊಂಡಷ್ಟು ಹೊತ್ತೂ ಅದು ಬೆಳೆಯುತ್ತಾ ಹೋಗಿ, ಬಿಟ್ಟ ಕೂಡಲೇ ಮೋಟರ್ ಹುಚ್ಚೆದ್ದು ಓಡುತ್ತದೆ.

ವೇಗ ಏರಿಳಿಯುತ್ತಾ ನಿಲ್ಲದೇ ಇದ್ದರೆ ಕೆಐ ಅರ್ಧ ಮಾಡಿ. ತುಂಬಾ ನಿಧಾನ ಅನಿಸಿದರೆ ಮೊದಲು ಕೆಐ ಸ್ವಲ್ಪ ಏರಿಸಿ, ಆಮೇಲೆ ಕೆಪಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ.

ಬರುವ ಎರರ್‌ಗಳು ಮತ್ತು ದಾಖಲೆ

ಮೈನಸ್ 200279 ಬಂದರೆ ನೀವು ಓದುವುದು ನಿಧಾನವಾಗಿದೆ, ಬಫರಿನಲ್ಲಿ ಹಳೆಯದರ ಮೇಲೆ ಹೊಸದು ಬಿದ್ದಿದೆ. ಲೂಪಿನೊಳಗೆ ವೇಟ್ ಇದೆಯಾ, ಎಕ್ಸೆಲ್ ಫೈಲ್ ಬರೆಯುತ್ತಿದ್ದೀರಾ ನೋಡಿ. ಮೈನಸ್ 50103 ಅಂದರೆ ಅದೇ ಚಾನೆಲ್ಲನ್ನು ಇನ್ನೊಂದು ಟಾಸ್ಕ್ ಹಿಡಿದುಕೊಂಡಿದೆ, ಬಹಳ ಸಲ ಅದು ಮುಚ್ಚಲು ಮರೆತ ಟೆಸ್ಟ್ ಪ್ಯಾನಲ್. ಎನ್‌ಕೋಡರ್ ರೀಡಿನಲ್ಲಿ ಮೈನಸ್ 200284 ಬಂದರೆ ಕೇಳಿದ ಸ್ಯಾಂಪಲ್ ಹೊತ್ತಿಗೆ ಬಂದಿಲ್ಲ, ಅನಲಾಗ್ ಟಾಸ್ಕ್ ಶುರುವಾಗಿಲ್ಲದ ಕಾರಣ ಕ್ಲಾಕೇ ಬರುತ್ತಿಲ್ಲ.

ದಾಖಲೆಗೆ ಡ್ಯಾಕ್‌ಎಂಎಕ್ಸ್ ಕಾನ್ಫಿಗರ್ ಲಾಗಿಂಗ್ ಬ್ಲಾಕನ್ನು ಅನಲಾಗ್ ಟಾಸ್ಕಿನ ಸ್ಟಾರ್ಟ್‌ಗೆ ಮುಂಚೆ ಹಾಕಿ, ಲಾಗ್ ಆಂಡ್ ರೀಡ್ ಆರಿಸಿ. ಟಿಡಿಎಂಎಸ್ ಅನ್ನೋ ಎನ್‌ಐ ಡೇಟಾ ಫೈಲಿಗೆ ನೇರವಾಗಿ ಬರೆಯುತ್ತದೆ, ಲೂಪಿಗೆ ಭಾರ ಆಗುವುದಿಲ್ಲ. ಎರಡು ಚಾನೆಲ್, 10000 ದರ, ಸ್ಯಾಂಪಲಿಗೆ 2 ಬೈಟ್: ಗಂಟೆಗೆ ಸುಮಾರು 144 ಎಂಬಿ. ರಾತ್ರಿಯಿಡೀ ಓಡಿಸುವವರು ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ.

ಲೋಡ್ ಪರೀಕ್ಷೆಗೆ, 120 ಆರ್‌ಪಿಎಂನಲ್ಲಿ ಓಡುವಾಗ ಶಾಫ್ಟಿನ ಪುಲ್ಲಿಗೆ ಒಂದು ರಬ್ಬರ್ ತುಂಡು ಮೆಲ್ಲಗೆ ಒತ್ತಿ. ಬಟ್ಟೆ ಬೇಡ, ಸುತ್ತಿಕೊಳ್ಳುತ್ತದೆ. ಗ್ರಾಫಿನಲ್ಲಿ ವೇಗ ಒಂದು ಕ್ಷಣ ಕುಸಿಯುತ್ತದೆ, ಕರೆಂಟ್ ಏರುತ್ತದೆ, ಡ್ಯೂಟಿ ಹಿಂದೆಯೇ ಏರಿ ವೇಗ ಮತ್ತೆ 120ಕ್ಕೆ ಬರುತ್ತದೆ. ದಿಕ್ಕು ಬದಲಾಯಿಸಬೇಕಾದರೆ ಓಡುತ್ತಿರುವಾಗಲೇ ಇನ್1, ಇನ್2 ತಿರುಗಿಸಬೇಡಿ. ಡ್ಯೂಟಿ 0.01ಕ್ಕೆ ಇಳಿಸಿ, ಸಂಚಯ ಸೊನ್ನೆ ಮಾಡಿ, ಆರ್‌ಪಿಎಂ 5ಕ್ಕಿಂತ ಕೆಳಗೆ ಬಂದಿದೆ ಅಂತ ಎನ್‌ಕೋಡರ್ ಹೇಳಿದ ಮೇಲೆ ದಿಕ್ಕು ತಿರುಗಿಸಿ. ಹಿಂದಕ್ಕೆ ಓಡುವಾಗ ಆರ್‌ಪಿಎಂ ಮೈನಸ್ ಬರುತ್ತದೆ, ಹಾಗಾಗಿ ತಪ್ಪು ಲೆಕ್ಕ ಹಾಕುವ ಮುಂಚೆ ಅದರ ಚಿಹ್ನೆ ತಿರುಗಿಸಲು ಮರೆಯಬೇಡಿ.